ಜ್ವಾಲಾಮುಖಿಯ ಬಾಯಿಂದ ನಾನು ಓಡಿದ್ದು

ಸಂಜೆ ದೀಪ ಹಚ್ಚುವ ಹೊತ್ತಿಗೆ ನಾನು ದೇವರ ಕೋಣೆಯ ಹತ್ತಿರ ನಿಂತಿದ್ದರೆ ನನ್ನ ಹೆಂಡತಿಗೆ ಸಿಟ್ಟು ಬರುತ್ತದೆ. ಕಡ್ಡಿ ಗೀರಿದ ಸಪ್ಪಳ ಕೇಳಿದ ಕೂಡಲೇ ನಾನು ಮಾರಿ ಆಚೆ ತಿರುಗಿಸಿ ಉಸಿರು ಬಿಗಿ ಹಿಡಿದು ನಿಲ್ಲುತ್ತೇನೆ. ಬೇಕಂತಲೇ ಮಾಡುವುದಲ್ಲ, ತಾನಾಗಿ ಆಗುತ್ತದೆ. ಲಗ್ನವಾದ ಹೊಸತರಲ್ಲಿ ಆಕೆ ನನ್ನನ್ನು ನಾಸ್ತಿಕನೆಂದು ತಿಳಿದಿದ್ದಳು. ಆಮೇಲೆ ಅಡುಗೆಮನೆಯಲ್ಲಿ ಒಲೆ ಹಚ್ಚುವಾಗಲೂ ನಾನು ಹೀಗೇ ಮಾಡುವುದನ್ನು ಕಂಡು ನಾಸ್ತಿಕನಲ್ಲ, ಹೆದರುಪುಕ್ಕ ಎಂದು ತಿದ್ದಿಕೊಂಡಳು. ಎರಡನೆಯದು ಸತ್ಯಕ್ಕೆ ಹೆಚ್ಚು ಹತ್ತಿರವಾದ್ದರಿಂದ ನಾನು ವಾದಕ್ಕೆ ಹೋಗಿಲ್ಲ.

ತಪ್ಪು ಕಡ್ಡಿಯದಲ್ಲ, ಅದರ ತುದಿಯಿಂದ ಏಳುವ ಗಂಧಕದ ವಾಸನೆಯದು. ನಿಮಗೆ ಅದು ಒಂದು ಕ್ಷಣ ಮೂಗಿಗೆ ಚುರುಕ್ ಅನ್ನಿಸಿ ಹೋಗಿಬಿಡುತ್ತದೆ. ನನ್ನನ್ನು ಮಾತ್ರ ಅದು ಎರಡು ಸಾವಿರದ ಇಸವಿಯ ಆಚೀಚೆಗೆ, ಜಾವಾ ದ್ವೀಪದ ಪೂರ್ವದ ತುದಿಗೆ, ಹೊಗೆ ಉಗುಳುವ ಒಂದು ಗುಡ್ಡದ ಹೊಟ್ಟೆಯೊಳಗೆ ಒಯ್ದು ನಿಲ್ಲಿಸುತ್ತದೆ. ಹೌದು, ನಾನು ಜೀವಂತ ಜ್ವಾಲಾಮುಖಿ ಹತ್ತಿದವನು. ಸ್ಟಾಫ್ ರೂಮಿನಲ್ಲಿ ಹೊಸದಾಗಿ ಬಂದವರಿಗೆ ಇದನ್ನು ಹೇಳಿದರೆ ಅವರು ನನ್ನ ಹೊಟ್ಟೆಯನ್ನೊಮ್ಮೆ ನೋಡಿ ಚಹಾದ ಕಡೆ ತಿರುಗುತ್ತಾರೆ. ಟ್ಯೂಬ್‌ಲೈಟ್ ಬದಲಿಸಲು ಬೆಂಚು ಹತ್ತಿದರೆ ಇಬ್ಬರು ಬೆಂಚು ಹಿಡಿದುಕೊಳ್ಳಬೇಕು ಎನ್ನುವ ಮನುಷ್ಯ ನಾನು. ಅವರು ನಂಬದಿರುವುದರಲ್ಲಿ ತಪ್ಪಿಲ್ಲ.

ಆಗ ನಾನು ಖಾನಾಪುರದ ಒಂದು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದೆ. ಎಂಟು ವರ್ಷಗಳಿಂದ ವರ್ಷಕ್ಕೊಂದು ಸಲ ಜ್ವಾಲಾಮುಖಿಯ ಪಾಠ ಬರುತ್ತಿತ್ತು. ನಮ್ಮ ಖಾನಾಪುರದ ಮಣ್ಣು ಹಂಚಿಗೆ, ಗಡಿಗೆಗೆ ಹೆಸರಾದದ್ದು. ಕುಂಬಾರರ ಮನೆಯಿಂದ ಒಂದು ಬುಟ್ಟಿ ಮಣ್ಣು ತರಿಸಿ, ಮೇಜಿನ ಮೇಲೆ ಗುಡ್ಡ ಮಾಡಿ, ಅದರ ತುದಿಗೆ ವಿಜ್ಞಾನದ ಮಾಸ್ತರರಿಂದ ಬೇಡಿ ತಂದ ಕಿತ್ತಳೆ ಬಣ್ಣದ ಪುಡಿ ಸುರಿದು ಬೆಂಕಿ ಹಚ್ಚಿದರೆ ಅದು ಬುಸುಗುಡುತ್ತ ಬೂದಿ ಕಾರುತ್ತಿತ್ತು. ಒಂದು ವರ್ಷ ಉತ್ಸಾಹದಲ್ಲಿ ಪುಡಿ ಹೆಚ್ಚಾಗಿ ನನ್ನ ಮೀಸೆಯ ಎಡಭಾಗ ಸುಟ್ಟುಹೋಯಿತು. ಬಲಭಾಗವನ್ನೂ ಬೋಳಿಸಿಕೊಂಡು ಮರುದಿನ ಹೋದರೆ ಹುಡುಗಿಯರು ಪ್ರಾರ್ಥನೆ ಮುಗಿಯುವವರೆಗೂ ನಗು ತಡೆದುಕೊಂಡದ್ದು ದೊಡ್ಡ ಮಾತು.

ಅದೇ ವರ್ಷ ಮುಂದಿನ ಸಾಲಿನ ಒಬ್ಬಳು ಹುಡುಗಿ ಎದ್ದು ನಿಂತು, ಗುರೂಜಿ, ನೀವು ಖರೇ ಜ್ವಾಲಾಮುಖಿ ನೋಡೀರೇನ್ರಿ ಎಂದು ಕೇಳಿದಳು. ಅರ್ಧ ತರಗತಿಗೆ ಅರ್ಥವಾಗಲೆಂದು ಅದನ್ನೇ ಮರಾಠಿಯಲ್ಲೂ ಕೇಳಿದಳು. ಎರಡೂ ಭಾಷೆಯಲ್ಲಿ ಇಲ್ಲ ಎಂದು ಹೇಳಬೇಕಾಯಿತು. ಆಕೆ ಕೂತಳು. ನೋಡದೆ ಇಷ್ಟು ಹೇಳುತ್ತಾನಲ್ಲ ಎಂಬ ಒಂದು ಕನಿಕರ ಆ ಮುಖದಲ್ಲಿತ್ತು. ಅವಮಾನಕ್ಕಿಂತ ಕನಿಕರ ಚುಚ್ಚುತ್ತದೆ. ಅವತ್ತಿನಿಂದ ನನಗೆ ಒಂದು ಸಲವಾದರೂ ನೋಡಬೇಕೆಂಬ ಆಸೆ ಹುಟ್ಟಿತು.

ಆಸೆ ಪೂರೈಸಿದವರು ನನ್ನ ಅಕ್ಕನ ಗಂಡ ಗಂಗಪ್ಪ ಮಾಮಾ. ಅಕ್ಕ ನೀಲವ್ವ, ಮಾಮಾ ಇರುವುದು ಪೀರನವಾಡಿಯಲ್ಲಿ. ಅಲ್ಲಿಂದ ಸೈಕಲ್ ತುಳಿದರೆ ಸ್ವಲ್ಪ ಹೊತ್ತಿಗೆ ಸಿಗುವ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಮಾಮಾ ಇಪ್ಪತ್ತಾರು ವರ್ಷಗಳಿಂದ ಎರಕದ ಕೆಲಸ ಮಾಡಿದವರು. ಉಸುಕಿನಲ್ಲಿ ಅಚ್ಚು ಕಟ್ಟುವ ಆಳಾಗಿ ಸೇರಿ ಭಟ್ಟಿಯ ಮೇಸ್ತ್ರಿಯಾಗಿದ್ದರು. ಬೀಡು ಕಬ್ಬಿಣದ ಯಾವ ವಸ್ತು ಕಂಡರೂ ಬೆರಳ ಗೆಣ್ಣಿನಿಂದ ಬಡಿದು ನೋಡುವುದು ಅವರ ಚಟ. ಬಸ್‌ಸ್ಟ್ಯಾಂಡಿನ ಬೆಂಚಿನ ಕಾಲು, ಹಿಟ್ಟಿನ ಗಿರಣಿಯ ಚಕ್ರ, ಯಾರದೋ ಮನೆಯ ಗೇಟು, ಎಲ್ಲಕ್ಕೂ ಕಿವಿಗೊಟ್ಟು, ಒಳಗೆ ಬಿರುಕು ಐತಿ ಎಂದೋ ಚಲೋ ಐತಿ ಎಂದೋ ತೀರ್ಪು ಕೊಡುತ್ತಿದ್ದರು. ಲಾವಾರಸ ಎಷ್ಟು ಬಿಸಿ ಇರುತ್ತದೆ ಎಂದು ಒಮ್ಮೆ ನನ್ನನ್ನು ಕೇಳಿದರು. ನಾನು ಪುಸ್ತಕದ ಲೆಕ್ಕ ಹೇಳಿದೆ. ನಮ್ಮ ಕಬ್ಬಿಣದ ರಸ ಅದಕ್ಕಿಂತ ಬಿಸಿ ಇರುತ್ತದಲ್ಲ ಎಂದು ಅವರು ಬಹಳ ಹೊತ್ತು ಸಂತೋಷಪಟ್ಟರು. ಭೂಮಿತಾಯಿಯ ಭಟ್ಟಿಗೂ ತಮ್ಮ ಭಟ್ಟಿಗೂ ಅಂದಿನಿಂದ ಅವರಲ್ಲಿ ಒಂದು ನಂಟು ಕುದುರಿತು.

ಅವರಿಗೊಂದು ಕೆಮ್ಮಿತ್ತು. ಫೌಂಡ್ರಿಯವರಿಗೆಲ್ಲ ಇರುವ ಕೆಮ್ಮು. ಅವರ ಮನೆಯಲ್ಲಿ ಅದು ಗೋಡೆ ಗಡಿಯಾರದ ಸಪ್ಪಳದ ಹಾಗೆ ಯಾರ ಗಮನಕ್ಕೂ ಬಾರದಷ್ಟು ರೂಢಿಯಾಗಿತ್ತು.

ಆ ವರ್ಷ ಮಾಮಾನ ಫೌಂಡ್ರಿಗೆ ಜಾವಾದ ಸುರಬಾಯಾ ಊರಿನ ಒಂದು ಕಾರಖಾನೆಯೊಡನೆ ವ್ಯವಹಾರ ಬೆಳೆದು, ಅಲ್ಲಿಯವರಿಗೆ ಅಚ್ಚಿನ ಕೆಲಸ ಕಲಿಸಲು ನಾಲ್ಕು ತಿಂಗಳ ಮಟ್ಟಿಗೆ ಮಾಮಾನನ್ನು ಕಳಿಸಿದರು. ಹೋದ ಮೂರನೆಯ ವಾರ ಅವರು ಅಕ್ಕನ ಮನೆಯ ಬಾಜು ಅಂಗಡಿಗೆ ಫೋನ್ ಮಾಡಿ, ಇಲ್ಲಿ ಗುಡ್ಡಗಳೆಲ್ಲ ಹೊಗೆ ಬಿಡುತ್ತವೆ, ಈರಣ್ಣನಿಗೆ ಸೂಟಿ ಬಿದ್ದ ಕೂಡಲೇ ಬಾ ಅನ್ನು ಎಂದು ಹೇಳಿದರಂತೆ. ಈರಣ್ಣ ಅಂದರೆ ನಾನು. ಆಗ ಇನ್ನೂ ಲಗ್ನವಾಗಿರಲಿಲ್ಲ, ಕೇಳುವವರು ಯಾರೂ ಇರಲಿಲ್ಲ. ನಮ್ಮ ಕಡೆ ಆಗಿನ್ನೂ ಯಾರೂ ಕಂಡಿರದ ಪಾಸ್‌ಪೋರ್ಟು ಕೈಗೆ ಬರುವಷ್ಟರಲ್ಲಿ ಮೇ ತಿಂಗಳು ಬಂತು.

ಬೆನ್ನಿಗೆ ಹಾಕುವ ಚೀಲವನ್ನು ಬೆಳಗಾವಿಯ ಕ್ಯಾಂಪಿನಲ್ಲಿ ಫೌಜಿನ ಹಳೆ ಸಾಮಾನು ಮಾರುವ ಅಂಗಡಿಯಿಂದ ತಂದೆ. ಅದು ಖಾಲಿ ಇದ್ದಾಗಲೇ ಒಂದು ಮಗುವಿನಷ್ಟು ಭಾರವಿತ್ತು. ಅಕ್ಕ ಅದರಲ್ಲಿ ಕಡಕ ರೊಟ್ಟಿ, ಶೇಂಗಾ ಚಟ್ನಿ, ಹಚ್ಚಿದ ಅವಲಕ್ಕಿ ತುಂಬಿದಳು. ನಮ್ಮಪ್ಪ ಕುರಿ ಕಾಯುವಾಗ ಹೊದೆಯುತ್ತಿದ್ದ ಕಂಬಳಿಯನ್ನೂ ಮಡಚಿ ಇಟ್ಟಳು. ಉರಿಯುವ ಗುಡ್ಡಕ್ಕೆ ಕಂಬಳಿ ಯಾಕೆ ಎಂದರೆ ಕೇಳಲಿಲ್ಲ. ಹೊರಡುವಾಗ ಅಂಗಳದ ತನಕ ಬಂದು ಹೇಳಿದ್ದು ಒಂದೇ ಮಾತು.

"ಅವರನ್ನ ಒಬ್ಬರನ್ನ ಬಿಡಬ್ಯಾಡ. ಏನರ ಕಂಡ್ರ ಹತ್ತಿರ ಹೋಗಿ ಬಡದು ನೋಡೋ ಮನಶ್ಯಾರು."

ನಾನು ಆಯಿತು ಎಂದೆ. ಅಷ್ಟು ಸುಲಭವಾಗಿ ಆಯಿತು ಎಂದದ್ದು ನೆನೆದರೆ ಈಗಲೂ ಕಸಿವಿಸಿಯಾಗುತ್ತದೆ.

ಸುರಬಾಯಾದಲ್ಲಿ ಮಾಮಾ ಸೊರಗಿದ್ದರು. ಊಟ ಸೇರುತ್ತಿಲ್ಲ ಎಂದರು. ಕಾರಖಾನೆಯವರು ಕೊಟ್ಟ ಒಂದು ವಾರದ ಬಿಡುವಿನಲ್ಲಿ ಇಬ್ಬರೂ ಚೀಲ ಬೆನ್ನಿಗೇರಿಸಿ ಪೂರ್ವದ ಕಡೆ ಹೊರಟೆವು. ರೈಲು, ಬಸ್ಸು, ಕೋಳಿಬುಟ್ಟಿಗಳ ನಡುವೆ ಕೂರಿಸುವ ಒಂದು ಟೆಂಪೊ. ದಾರಿಯಲ್ಲಿ ಸಿಗುವ ಯುರೋಪಿನ ಹುಡುಗ ಹುಡುಗಿಯರ ಚೀಲಗಳಲ್ಲಿ ನೀರಿಗೊಂದು, ನಕಾಶೆಗೊಂದು, ಕೊಡೆಗೊಂದು ಜೇಬು. ನಮ್ಮ ಚೀಲದ ಒಂದೇ ಹೊಟ್ಟೆಯಲ್ಲಿ ಚಟ್ನಿಯ ಡಬ್ಬಿ ಮುಚ್ಚಳ ಬಿಚ್ಚಿಕೊಂಡು, ನಾವು ಹತ್ತಿದ ಬಸ್ಸೆಲ್ಲ ಬೆಳ್ಳುಳ್ಳಿಯ ವಾಸನೆ ಹಿಡಿಯುತ್ತಿತ್ತು. ಭಾಷೆ ಬಾರದಿದ್ದರೂ ಅಲ್ಲಲ್ಲಿ ನಮ್ಮವೇ ಮಾತುಗಳು ಸಿಕ್ಕುತ್ತಿದ್ದವು. ಭೂಮಿಗೆ ಅವರು ಬೂಮಿ ಅನ್ನುತ್ತಾರೆ. ನನ್ನ ಉದ್ಯೋಗ ಕೇಳಿದವನಿಗೆ ಕೈಸನ್ನೆಯಲ್ಲಿ ಕರಿಹಲಗೆ ಬರೆದು ತೋರಿಸಿದರೆ, ಓ ಗುರು ಎಂದ. ಖಾನಾಪುರದಲ್ಲಿ ಕೂಡ ಅಷ್ಟು ಗೌರವದಿಂದ ನನ್ನನ್ನು ಯಾರೂ ಗುರು ಎಂದದ್ದಿಲ್ಲ.

ನಾವು ಹೋದದ್ದು ಗಂಧಕದ ಗುಡ್ಡಕ್ಕೆ. ಅದರ ಬುಡದ ಕಾಫಿ ತೋಟದಲ್ಲಿ ಒಂದು ತಂಗುಮನೆ ಇತ್ತು. ಉಳಿದವರೆಲ್ಲ ಸೂರ್ಯೋದಯ ನೋಡಲು ಕತ್ತಲಿರುವಾಗಲೇ ಎದ್ದು ಹೋಗಿದ್ದರು. ನಾವು ಹೊತ್ತೇರುವ ತನಕ ಮಲಗಿ, ಅವಲಕ್ಕಿ ತಿಂದು, ಬಿಸಿಲು ಬಿದ್ದ ಮೇಲೆ ಹೊರಟೆವು. ಬೂದಿ ಮಣ್ಣಿನ ಕಡಿದಾದ ದಾರಿ. ಮಾಮಾ ನಾಲ್ಕು ಮಾರು ಹತ್ತಿ ನಿಲ್ಲುತ್ತಿದ್ದರು. ನಿಂತು, ಸೊಂಟದ ಮೇಲೆ ಕೈಯಿಟ್ಟು, ಕೆಳಗಿನ ಕಣಿವೆಯನ್ನು ನೋಡುತ್ತಿದ್ದರು. ಎಂಥ ಚಂದ ಐತಿ ನೋಡ ಎನ್ನುತ್ತಿದ್ದರು. ಭಟ್ಟಿಯ ಮುಂದೆ ಬಾಳು ಕಳೆದವರಿಗೆ ಹಸಿರಿನ ಮೇಲೆ ಇಷ್ಟು ಪ್ರೀತಿ ಇದೆಯಲ್ಲ ಎಂದು ನನಗೆ ಸಂತೋಷವಾಗುತ್ತಿತ್ತು. ನಾನೂ ನಿಂತು ನೋಡುತ್ತಿದ್ದೆ.

ಮೇಲಿನಿಂದ ಗಂಧಕ ಹೊತ್ತವರು ಇಳಿದು ಬರುತ್ತಿದ್ದರು. ಹೆಗಲ ಮೇಲೆ ಒಂದು ಬಿದಿರಿನ ಅಡ್ಡೆ, ಅದರ ಎರಡೂ ತುದಿಗೆ ಬುಟ್ಟಿ, ಬುಟ್ಟಿಯ ತುಂಬ ಅರಿಶಿನದ ಬಣ್ಣದ ಗಡ್ಡೆಗಳು. ನಡೆದಂತೆ ಬಿದಿರು ಕಿರ್ ಕಿರ್ ಅನ್ನುತ್ತಿತ್ತು. ಅವರು ಗುಡ್ಡದ ಬಾಯಿಯೊಳಗೆ ಇಳಿದು, ಅಲ್ಲಿ ಒಡೆದು ತುಂಬಿ, ಹೊತ್ತು ಮೇಲೆ ಹತ್ತಿ, ಮತ್ತೆ ಈ ಕಡೆ ಇಳಿಯಬೇಕು. ದಿನಕ್ಕೆ ಎರಡು ಸಲ. ಮಾಮಾ ದಾರಿ ಬಿಟ್ಟು ಪಕ್ಕಕ್ಕೆ ನಿಂತು ಅವರಿಗೆ ಕೈ ಮುಗಿದರು. ನಾನು ಫೋಟೋ ತೆಗೆದೆ. ನಮ್ಮಿಬ್ಬರ ಫರಕು ಅಷ್ಟರಲ್ಲೇ ಗೊತ್ತಾಗಬೇಕಿತ್ತು.

ಖಾಲಿ ಬುಟ್ಟಿಯೊಡನೆ ಮೇಲೆ ಹೊರಟಿದ್ದ ಒಬ್ಬ ನಮ್ಮ ಜೊತೆಯಾದ. ಹೆಸರು ಸುಪ್ರಿ. ಮಾಮಾನದೇ ವಯಸ್ಸು, ಐವತ್ತರ ಹತ್ತಿರ. ಹೆಗಲ ಮೇಲೆ ಅಡ್ಡೆ ಕೂತು ಕೂತು ನಿಂಬೆಹಣ್ಣಿನ ಗಾತ್ರದ ಎರಡು ಗಂಟು ಎದ್ದಿದ್ದವು. ಮಾಮಾ ತಮ್ಮ ಮುಂಗೈ ಮೇಲಿನ ಸುಟ್ಟ ಕಲೆಗಳನ್ನು ತೋರಿಸಿದರು. ಆತ ಗಂಟು ತೋರಿಸಿದ. ಇಬ್ಬರೂ ನಕ್ಕರು. ಕೂತು ರೊಟ್ಟಿ ಚಟ್ನಿ ತಿಂದೆವು. ಚಟ್ನಿಗೆ ಆತನ ಕಿವಿ ಕೆಂಪಾದವು, ಆದರೂ ಇನ್ನಷ್ಟು ಬೇಕೆಂದು ಕೈ ಚಾಚಿದ.

ಗುಡ್ಡದ ಅಂಚು ತಲುಪಿದಾಗ ನಾನು ನಿಜಕ್ಕೂ ನಿರಾಶನಾದೆ. ಎಂಟು ವರ್ಷ ಬೋರ್ಡಿನ ಮೇಲೆ ಕೆಂಪು ಸೀಮೆಸುಣ್ಣದಿಂದ ಬರೆದ ಬೆಂಕಿ ಅಲ್ಲಿರಲಿಲ್ಲ. ಕೆಳಗೆ ಬಹಳ ಆಳದಲ್ಲಿ ಮೈಲುತುತ್ತು ಕದಡಿದ ನೀರಿನಂಥ ಒಂದು ಕೆರೆ, ಅದರ ದಂಡೆಯಿಂದ ದಟ್ಟವಾಗಿ ಏಳುವ ಬಿಳಿ ಹೊಗೆ, ಹೊಗೆಯ ಬುಡದಲ್ಲಿ ಹಳದಿ ಬಂಡೆ. ಒಂದು ಗಿಡ ಇಲ್ಲ, ಹಕ್ಕಿ ಇಲ್ಲ. ಆದರೆ ಮಾಮಾನ ಕಣ್ಣು ಬೇರೆಯದನ್ನು ಕಂಡಿತ್ತು. ಹೊಗೆ ಬರುವ ಬಿರುಕುಗಳಿಗೆ ಅಲ್ಲಿಯವರು ದಪ್ಪ ಕೊಳವೆಗಳನ್ನು ಜೋಡಿಸಿದ್ದರು. ಕೊಳವೆಯ ಬಾಯಿಂದ ಕೆಂಪಗೆ ಕರಗಿದ ಗಂಧಕ ತೊಟ್ಟಿಕ್ಕಿ, ತಣ್ಣಗಾದಂತೆ ಹಳದಿಯಾಗಿ ಗಟ್ಟಿಯಾಗುತ್ತಿತ್ತು.

"ನೋಡಲೇ, ನೋಡ. ಇದು ಎರಕ ಐತಿ" ಎಂದರು. "ನಾ ಕೆಳಗ ಹೋಗಾಂವ."

ಪ್ರವಾಸಿಗರು ಇಳಿಯಬಾರದೆಂದು ಅಲ್ಲೊಂದು ಹಲಗೆ ಇತ್ತು. ನಾನು ಅದನ್ನು ತೋರಿಸಿದೆ. ಅಷ್ಟರಲ್ಲಿ ಅವರು ಸುಪ್ರಿಯ ಹಿಂದೆ ಇಳಿಯತೊಡಗಿದ್ದರು. ಅಕ್ಕನ ಮಾತು ನೆನಪಾಗಿ ನಾನೂ ಬಂಡೆ ಹಿಡಿದು, ಕೂತು, ಜಾರಿ, ಪ್ಯಾಂಟು ಹರಿದುಕೊಂಡು ಹಿಂದೆಯೇ ಇಳಿದೆ.

ಕೆಳಗೆ ಮಾಮಾ ಹೊಸ ಅಂಗಿ ತೊಟ್ಟ ಹುಡುಗನ ಹಾಗೆ ಓಡಾಡಿದರು. ಕೊಳವೆಯ ಬಾಯಿ ಬಗ್ಗಿ ನೋಡಿದರು. ಸುಪ್ರಿ ಹಾರೆಯಿಂದ ಒಡೆದ ಗಡ್ಡೆಯನ್ನು ಗೆಣ್ಣಿನಿಂದ ಬಡಿದು ಕಿವಿಗೆ ಹಿಡಿದರು. ರಸ ಬೇಗ ತಣಿದರೆ ಒಳಗೆ ಗುಳ್ಳೆ ಉಳಿಯುತ್ತದೆ ಎಂದು ಸುಪ್ರಿಗೆ ಕನ್ನಡದಲ್ಲಿ ವಿವರಿಸಿದರು. ಆತ ತಲೆಯಾಡಿಸುತ್ತ ಬುಟ್ಟಿ ತುಂಬಿದ. ಉಸಿರಾಡುವಾಗ ಆತ ಒಂದು ಒದ್ದೆ ಬಟ್ಟೆಯನ್ನು ಹಲ್ಲಲ್ಲಿ ಕಚ್ಚಿಕೊಂಡಿರುತ್ತಿದ್ದ. ನಾನು ಮೂಗಿಗೆ ಕರವಸ್ತ್ರ ಹಿಡಿದು, ಎಷ್ಟು ಹೊತ್ತಿಗೆ ಹೋಗುವುದು ಎಂದು ಮೇಲೆ ನೋಡುತ್ತ ನಿಂತಿದ್ದೆ.

ಗಾಳಿ ತಿರುಗಿತು. ತಿರುಗಿದ್ದು ನನಗೆ ಗೊತ್ತಾಗಲಿಲ್ಲ. ಕೆರೆಯ ಮೇಲೆ ಹೋಗುತ್ತಿದ್ದ ಹೊಗೆ ಒಮ್ಮೆಲೇ ಗೋಡೆಯ ಹಾಗೆ ನಮ್ಮ ಮೇಲೆ ಬಂತು. ಕಣ್ಣಿಗೆ ಮೆಣಸಿನಪುಡಿ ಎರಚಿದ ಹಾಗಾಯಿತು. ಉಸಿರು ಎಳೆದರೆ ಗಂಟಲಲ್ಲಿ ಸಾವಿರ ಕಡ್ಡಿ ಒಟ್ಟಿಗೆ ಗೀರಿದ ಹಾಗೆ. ಎದೆ ಗಾಳಿ ಬೇಡವೆಂದು ಮುಚ್ಚಿಕೊಂಡುಬಿಟ್ಟಿತು. ಪಕ್ಕದಲ್ಲಿ ಮಾಮಾ ಕೆಮ್ಮುವುದು ಕೇಳಿಸುತ್ತಿತ್ತು. ಆಮೇಲೆ ಕೆಮ್ಮೂ ಕೇಳಿಸಲಿಲ್ಲ. ಯಾರೋ ನನ್ನ ಚೀಲದ ಪಟ್ಟಿ ಹಿಡಿದರು. ನಾನು ಕೊಡವಿಕೊಂಡು ಓಡಿದೆ.

ಯಾರೋ ಎಂದು ಬರೆದೆ. ಯಾರೆಂದು ನನಗೆ ಗೊತ್ತಿತ್ತು.

ಓಡುವುದು ನನಗೆ ಹೊಸದಲ್ಲ. ಸಣ್ಣವನಿದ್ದಾಗ ಖಾನಾಪುರದಾಚೆಯ ನಮ್ಮ ಹಳ್ಳಿಯಲ್ಲಿ ಅಕ್ಕ ನನ್ನನ್ನು ಕಾಡಂಚಿನ ದಾರಿಯಲ್ಲಿ ಸಾಲಿಗೆ ಕರೆದೊಯ್ಯುತ್ತಿದ್ದಳು. ಒಂದು ದಿನ ನಾನೇ ಕಲ್ಲು ಬೀಸಿ ಜೇನು ಎಬ್ಬಿಸಿದೆ. ಎಬ್ಬಿಸಿ, ಆಕೆಯ ಕೈ ಬಿಡಿಸಿಕೊಂಡು, ಊರು ಮುಟ್ಟುವ ತನಕ ಹಿಂದೆ ನೋಡಲಿಲ್ಲ. ಅಕ್ಕ ಸಂಜೆಗೆ ಮುಖ ಕುಂಬಳಕಾಯಿಯಷ್ಟು ಮಾಡಿಕೊಂಡು ಬಂದು, ನಿನಗ ಕಡೀಲಿಲ್ಲ ಹೌದಿಲ್ಲೋ ಎಂದು ನನ್ನ ತಲೆ, ಕಿವಿ ಎಲ್ಲ ತಡವಿ ನೋಡಿದ್ದಳು. ಆಗ ನನಗೆ ಆರು ವರ್ಷ. ಆರು ವರ್ಷದವನಿಗೆ ಮಾಫಿ ಇರುತ್ತದೆ. ಮೂವತ್ತಾದವನಿಗೆ ಏನಿರುತ್ತದೆ?

ಬಂಡೆಗಳನ್ನು ನಾಲ್ಕು ಕೈಕಾಲಲ್ಲಿ ಹತ್ತಿ, ಹೊಗೆ ತೆಳುವಾದಲ್ಲಿ ಬಿದ್ದುಕೊಂಡೆ. ಗಾಳಿ ಒಳಗೆ ಹೋಯಿತು. ಎರಡು ಸಲ, ಮೂರು ಸಲ. ಆಮೇಲೆ ತಲೆ ಕೆಲಸ ಮಾಡತೊಡಗಿತು. ಕೆಳಗೆ ಬಿಳಿ ಹೊಗೆ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಮಾಮಾ ಎಂದು ಕೂಗಬೇಕೆಂದರೆ ದನಿ ಬರಲಿಲ್ಲ. ಎಷ್ಟು ಹೊತ್ತು ಹಾಗೇ ಇದ್ದೆನೋ ಇವತ್ತಿಗೂ ನನಗೆ ಹೇಳಲು ಬರುವುದಿಲ್ಲ. ಕಡೆಗೆ ಕೆಳಗಿಳಿಯತೊಡಗಿದೆ. ಇಪ್ಪತ್ತು ಮೂವತ್ತು ಹೆಜ್ಜೆ ಇಳಿದಿರಬೇಕು, ಹೊಗೆಯೊಳಗಿಂದ ಸುಪ್ರಿ ಹೊರಬಂದ. ಆತನ ಬೆನ್ನ ಮೇಲೆ ಮಾಮಾ ಇದ್ದರು. ಆತನ ಬಾಯಲ್ಲಿ ಬಟ್ಟೆ ಇರಲಿಲ್ಲ, ಅದು ಮಾಮಾನ ಮುಖದ ಮೇಲಿತ್ತು. ತುಂಬಿದ ಬುಟ್ಟಿಗಳನ್ನು ಆತ ಅಲ್ಲೇ ಬಿಟ್ಟು ಬಂದಿದ್ದ.

ಮಾಮಾನ ತುಟಿ ನೇರಳೆಹಣ್ಣು ತಿಂದವರ ತುಟಿಯ ಹಾಗಾಗಿತ್ತು. ಉಸಿರು ಎಳೆದಾಗ ಎದೆಯೊಳಗೆ ಸೀಟಿ ಊದಿದಂತೆ ಸಪ್ಪಳ. ನಾವು ಇಬ್ಬರೂ ಸೇರಿ ಅವರನ್ನು ಅಂಚಿನ ತನಕ ತಂದೆವು. ಇಬ್ಬರೂ ಎಂದರೆ, ನಾನು ಚೀಲ ಹೊತ್ತಿದ್ದೆ. ಅವರು ಮಾತಾಡುವಂತಾಗಲು ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಸುಪ್ರಿ ಅವರ ಬೆನ್ನು ತಿಕ್ಕುತ್ತ ಕೂತಿದ್ದ. ಒಮ್ಮೆ ನನ್ನನ್ನೂ ಮಾಮಾನನ್ನೂ ತೋರಿಸಿ, ಸೌದಾರ ಎಂದು ಕೇಳಿದ. ಅವರ ಭಾಷೆಯಲ್ಲಿ ಅದು ನಮ್ಮ ಸಹೋದರ. ನಾನು ಹೌದು ಎಂದು ತಲೆಯಾಡಿಸಿದೆ. ಆ ತಲೆ ಎತ್ತಲು ಆಮೇಲೆ ನನಗೆ ಆಗಲಿಲ್ಲ.

ಮಾಮಾ ಚೀಲದಿಂದ ಕಂಬಳಿ ತೆಗೆಸಿ, ನಾಲ್ಕು ಮಡಿಕೆ ಮಾಡಿ, ಸುಪ್ರಿಯ ಹೆಗಲ ಗಂಟುಗಳ ಮೇಲೆ ಇಟ್ಟು ಒತ್ತಿ ನೋಡಿದರು. ಅಡ್ಡೆಗೆ ಮೆತ್ತಗೆ ಇರಲೆಂದು. ಆತ ಅದನ್ನು ಹಾಗೇ ಇಟ್ಟುಕೊಂಡು, ಬಿಟ್ಟು ಬಂದ ಬುಟ್ಟಿ ತರಲು ಮತ್ತೆ ಆ ಹೊಗೆಯೊಳಗೆ ಇಳಿದುಹೋದ.

ಕೆಳಗೆ ಬರುವಾಗ ಮಾಮಾ ನನ್ನ ಓಟದ ಬಗ್ಗೆ ಒಂದು ಮಾತೂ ಆಡಲಿಲ್ಲ. ಊರಲ್ಲಿ ಇದನ್ನು ನೀನು ಹೇಳಬೇಡ, ನಾನೇ ಹೇಳುತ್ತೇನೆ ಎಂದಷ್ಟೇ ಹೇಳಿದರು. ಅವರ ಅವಧಿ ಮುಗಿದ ಮೇಲೆ ಜೂನಿನಲ್ಲಿ ಇಬ್ಬರೂ ಒಟ್ಟಿಗೆ ಮರಳಿದೆವು. ಪೀರನವಾಡಿಯ ಮನೆಯಲ್ಲಿ ಓಣಿಯವರೆಲ್ಲ ಸೇರಿದ್ದಾಗ ಅವರು ಕತೆ ಹೇಳಿದರು. ತಾವು ಕಾಲು ಜಾರಿ ಬಿದ್ದದ್ದು, ಕಾಲು ಉಳುಕಿದ್ದು, ಹೊಗೆ ಬಂದದ್ದು, ಈರಣ್ಣ ತಮ್ಮನ್ನು ಹೆಗಲ ಮೇಲೆ ಹಾಕಿಕೊಂಡು ಬಂಡೆ ಹತ್ತಿದ್ದು. ನಾನು ಬಾಯಿ ತೆರೆದೆ. ಮಾಮಾ ನನ್ನ ಕಡೆ ನೋಡಿದ ರೀತಿಗೆ ಮುಚ್ಚಿದೆ. ಅಕ್ಕ ನನ್ನನ್ನು ನೋಡಿದಳು. ಅಂಥ ನೋಟವನ್ನು ಆಕೆಯಿಂದ ಮೊದಲು ಪಡೆದಿರಲಿಲ್ಲ. ನನಗೆ ಬೇಕಾಗಿಯೂ ಇರಲಿಲ್ಲ.

ಆಮೇಲಿನ ದಿನಗಳು ನನಗೆ ಜ್ವಾಲಾಮುಖಿಗಿಂತ ಕಷ್ಟವಾದವು. ಅಕ್ಕ ಕರೆದು ಮಣೆ ಹಾಕಿ ಹೋಳಿಗೆ ಬಡಿಸಿದಳು. ತುಪ್ಪ ಸಾಕು ಎಂದರೆ, ಹೊತ್ತು ತಂದ ಹೆಗಲಿಗೆ ಬೇಕು ಎಂದು ಮತ್ತೊಂದು ಚಮಚ ಹಾಕಿದಳು. ಸುದ್ದಿ ಖಾನಾಪುರಕ್ಕೂ ಮುಟ್ಟಿತು. ಸಾಲಿ ಶುರುವಾದ ವಾರ ಹೆಡ್‌ಮಾಸ್ತರರು ಪ್ರಾರ್ಥನೆಯ ನಂತರ ನನ್ನನ್ನು ಮುಂದೆ ಕರೆದು ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಧೈರ್ಯದ ಬಗ್ಗೆ ಮಾತಾಡಿದರು. ನೀವು ಖರೇ ನೋಡೀರೇನ್ರಿ ಎಂದು ಕೇಳಿದ್ದ ಹುಡುಗಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದಳು. ತೆಂಗಿನಕಾಯಿ ಅಷ್ಟು ಭಾರವಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಒಂದು ಕಡೆ ನಾಚಿಕೆ, ಇನ್ನೊಂದು ಕಡೆ ಮಾಮಾನ ದೊಡ್ಡತನ. ಎಂಥ ಮನುಷ್ಯ, ತನ್ನ ಕೈ ಕೊಡವಿ ಓಡಿದವನ ಮಾನ ಉಳಿಸಲು ಎಷ್ಟು ಅಚ್ಚುಕಟ್ಟಾಗಿ ಸುಳ್ಳು ಹೇಳಿದರಲ್ಲ ಎಂದು ನೆನೆದರೆ ಕಣ್ಣು ತುಂಬುತ್ತಿದ್ದವು. ಅವರ ದೊಡ್ಡತನವನ್ನು ಹೊತ್ತುಕೊಂಡಿರುವ ಶಕ್ತಿ ನನಗಿರಲಿಲ್ಲ. ಒಂದು ರವಿವಾರ, ಮಾಮಾ ಬೆಳಗಾವಿಯ ಪ್ಯಾಟಿಗೆ ಹೋದ ಹೊತ್ತು ನೋಡಿ, ಪೀರನವಾಡಿಗೆ ಹೋದೆ. ಹೊರಗೆ ಮಳೆ ಹಿಡಿದಿತ್ತು. ಅಕ್ಕ ಪಡಸಾಲೆಯಲ್ಲಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ. ಚೀಲದ ಪಟ್ಟಿ, ನನ್ನ ಓಟ, ಸುಪ್ರಿ, ಮಾಮಾನ ತುಟಿ, ಸೀಟಿ, ಒಂದೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಆಕೆ ಮೊರ ಕೆಳಗಿಟ್ಟಳು.

"ಉಸರು ಎಷ್ಟೊತ್ತು ಬರಲಿಲ್ಲ?"

"ಅಕ್ಕಾ, ನಾ ಅವರನ್ನ ಬಿಟ್ಟು ಓಡಿ ಹೋದೆ ಅಂತ ಹೇಳಾಕತ್ತೀನಿ."

"ಅದನ್ನ ಕೇಳಿದೆ. ತುಟಿ ನೀಲಿ ಆಗಿದ್ದು ಎಷ್ಟೊತ್ತು ಹಂಗ ಇತ್ತು?"

ಗೊತ್ತಿದ್ದಷ್ಟು ಹೇಳಿದೆ. ಸುಪ್ರಿಯೂ ಅವರ ಹಾಗೇ ಹೊಗೆ ಕುಡಿದಿದ್ದನಲ್ಲ, ಆತನಿಗೆ ಏನಾಯಿತು ಎಂದು ಕೇಳಿದಳು. ಏನೂ ಆಗಲಿಲ್ಲ, ಸ್ವಲ್ಪ ಕೆಮ್ಮಿದ ಎಂದೆ. ನಿನಗೆ ಎಂದಳು. ಸ್ವಲ್ಪ ಹೊತ್ತಿಗೆ ಸರಿಹೋಯಿತು ಎಂದೆ. ಗುಡ್ಡ ಹತ್ತುವಾಗ ಅವರು ಹೇಗಿದ್ದರು ಎಂದು ಕೇಳಿದಳು. ಚೆನ್ನಾಗೇ ಇದ್ದರು, ನಾಲ್ಕು ಮಾರಿಗೊಮ್ಮೆ ನಿಂತು ಕಣಿವೆ ನೋಡುತ್ತಿದ್ದರು ಎಂದೆ. ಹೇಳಿ ಮುಗಿಸುವುದರೊಳಗೆ ನನ್ನ ಮಾತು ನನಗೇ ಕೇಳಿಸಿತು.

ಅಕ್ಕ ಮೊರವನ್ನು ಗೋಡೆಯ ಕಡೆ ಸರಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು. ಒಂದು ವರ್ಷದಿಂದ ಅವರು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಾರೆ, ಕೇಳಿದರೆ ಸೆಕೆ ಅನ್ನುತ್ತಾರೆ. ಬಾವಿಯಿಂದ ಕೊಡ ತರುವಾಗ ನಡುವೆ ಇಳಿಸಿ ತುಳಸಿ ಗಿಡ ನೋಡುತ್ತಾರೆ. ದವಾಖಾನೆಗೆ ಹೋಗೋಣ ಎಂದರೆ ಉಸುಕಿನ ಕೆಮ್ಮು, ಎಲ್ಲರಿಗೂ ಇರುವುದೇ ಎನ್ನುತ್ತಾರೆ. ಕೈಯಲ್ಲಿ ಹಿಡಿದು ಕೇಳಲು ತನಗೊಂದು ಆಧಾರ ಇರಲಿಲ್ಲ.

ಆಗ ನನಗೆ ತಿಳಿಯಿತು. ಮಾಮಾ ಮುಚ್ಚಿದ್ದು ನನ್ನ ನಾಚಿಕೆಯನ್ನಲ್ಲ, ತಮ್ಮ ಎದೆಯನ್ನು. ತಮಗೆ ಉಸಿರು ಕಟ್ಟಿತು ಎಂದು ಗೊತ್ತಾದರೆ ಭಟ್ಟಿಯಿಂದ ದೂರ ಮಾಡುತ್ತಾರೆಂದು ಹೆದರಿ ಕತೆಯಲ್ಲಿ ಕಾಲು ಉಳುಕಿಸಿಕೊಂಡಿದ್ದರು. ಹೊತ್ತು ತರಲು ಯಾರಾದರೂ ಬೇಕಿತ್ತು, ನನ್ನನ್ನು ಹಾಕಿಕೊಂಡರು. ಆ ಕತೆಯ ನಡುವೆ ನಾನಿದ್ದೇನೆಂದು ತಿಳಿದು ಒಂದು ತಿಂಗಳು ಹೊರಳಾಡಿದ್ದೆ.

ಮರುದಿನವೇ ಅಕ್ಕ ಅವರನ್ನು ಬೆಳಗಾವಿಯ ಎದೆರೋಗದ ಡಾಕ್ಟರರ ಹತ್ತಿರ ಎಳೆದೊಯ್ದಳು. ನಾನೂ ಹೋದೆ. ಡಾಕ್ಟರರು ಎದೆಯ ಎಕ್ಸ್‌ರೇ ಫೋಟೋವನ್ನು ಬೆಳಕಿಗೆ ಹಿಡಿದು, ಏನು ಕೆಲಸ, ಎಷ್ಟು ವರ್ಷ ಎಂದು ಕೇಳಿದರು. ಉಸುಕಿನ ಸಣ್ಣ ಧೂಳು ಎದೆಯೊಳಗೆ ಕೂತಿದೆ, ಕೂತದ್ದನ್ನು ತೆಗೆಯಲಾಗದು, ಇವತ್ತೇ ಆ ಕೆಲಸ ಬಿಟ್ಟರೆ ಇನ್ನಷ್ಟು ಕೂರದಂತೆ ನೋಡಿಕೊಳ್ಳಬಹುದು ಎಂದರು. ಇನ್ನೆರಡು ವರ್ಷ ಕಳೆದು ಬಂದಿದ್ದರೆ ಎಂದು ಅಕ್ಕ ಕೇಳಿದಳು. ಅವರು ಚೀಟಿ ಬರೆಯತೊಡಗಿದರು.

ಮಾಮಾ ನನ್ನ ಜೊತೆ ನಾಲ್ಕು ತಿಂಗಳು ಮಾತು ಬಿಟ್ಟರು. ಬಿಡುವ ಮುಂಚೆ ಒಂದೇ ಮಾತು ಕೇಳಿದ್ದರು. "ನಿನ್ನ ಎದಿ ಹಗುರ ಮಾಡ್ಕೊಳ್ಳಾಕ ನನ್ನ ಕೆಲಸ ಬೇಕಾಗಿತ್ತೇನಲೇ?" ಫೌಂಡ್ರಿಯ ಮಾಲಕರು ಒಳ್ಳೆಯವರು, ಅವರನ್ನು ಭಟ್ಟಿಯಿಂದ ತೆಗೆದು, ತಯಾರಾದ ಮಾಲು ಪರೀಕ್ಷೆ ಮಾಡುವ ಬೇರೆ ಕಟ್ಟಡದ ಮೇಜಿಗೆ ಕೂರಿಸಿದರು. ಮೊದಮೊದಲು ಅದನ್ನು ಅವರು ಶಿಕ್ಷೆ ಎಂದೇ ತಿಳಿದಿದ್ದರು. ಆಮೇಲೆ ಬಂದ ಬಂದ ಮಾಲನ್ನೆಲ್ಲ ಗೆಣ್ಣಿನಿಂದ ಬಡಿದು ಕಿವಿಗೊಡುವುದೇ ತಮ್ಮ ಕೆಲಸ ಎಂದು ಗೊತ್ತಾದಾಗ ನಿಧಾನವಾಗಿ ಮುಖ ಅರಳಿತು. ದೀಪಾವಳಿಯ ಪಾಡ್ಯಕ್ಕೆ ನನ್ನನ್ನು ಊಟಕ್ಕೆ ಕರೆಸಿದರು. ಕರೆಸಿ, ಬಾಗಿಲಲ್ಲೇ ನಿಲ್ಲಿಸಿ, ಹೊಸ ಬೀಡಿನ ಒಂದು ಚಕ್ರವನ್ನು ಬಡಿದು, ಇದರಾಗ ಎಲ್ಲಿ ಬಿರುಕು ಐತಿ ಹೇಳ ನೋಡೂಣು ಎಂದರು. ನಾನು ತಪ್ಪು ಹೇಳಿದೆ. ಅವರು ನಕ್ಕರು. ಮಾತು ಶುರುವಾಯಿತು. ಈಗ ಅವರಿಗೆ ಎಪ್ಪತ್ತು ದಾಟಿದೆ. ನಿಧಾನವಾಗಿ ನಡೆಯುತ್ತಾರೆ, ನಿಂತಾಗ ಸುಸ್ತಾಗಿ ನಿಂತೆ ಎಂದೇ ಹೇಳುತ್ತಾರೆ.

ನನ್ನ ಓಟದ ವಿಷಯಕ್ಕೆ ಅಕ್ಕ ಮಾತ್ರ ಏನೂ ಹೇಳಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮರುವರ್ಷ ನನ್ನ ಲಗ್ನ ಗೊತ್ತಾಗಿ, ಅಕ್ಷತೆಗೆ ಅಕ್ಕಿ ಆರಿಸಲು ಆಕೆ ಖಾನಾಪುರದ ನನ್ನ ಮನೆಗೆ ಬಂದಿದ್ದಳು. ಮಾಮಾ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದರು. ನನಗೆ ತಡೆಯಲಾಗದೆ, ಆ ಚೀಲದ ಪಟ್ಟಿ ಹಿಡಿದ ಕೈ ಇನ್ನೂ ನನ್ನ ಹೆಗಲಿಗೆ ತಾಕುತ್ತದೆ, ನೀನು ಅದರ ಬಗ್ಗೆ ನನ್ನನ್ನು ಒಂದು ಮಾತೂ ಅನ್ನಲಿಲ್ಲ ಎಂದೆ. ಆಕೆ ಅಕ್ಕಿಯೊಳಗಿನ ಒಂದು ಹರಳು ತೆಗೆದು ಆಚೆ ಇಟ್ಟಳು.

"ನೀ ಧೈರ್ಯ ಮಾಡಿ ಅವರನ್ನ ಖರೇನ ಹೊತ್ತು ತಂದಿದ್ರ, ನನ್ನ ಮುಂದ ಬಂದು ಕುಂತು ಅಳತಿದ್ದೇನು? ಕಾಲು ಉಳುಕಿತ್ತು ಅನ್ನೋದನ್ನ ನಂಬಿ ನಾ ನಿನಗ ಹೋಳಿಗಿ ಹಾಕ್ಕೋಂತ ಇರ್ತಿದ್ದೆ. ಅವರು ಭಟ್ಟಿ ಮುಂದ ಇರ್ತಿದ್ರು. ನೀ ಓಡಿದ್ದು ಚಲೋ ಆತು."

ಕಟ್ಟೆಯ ಮೇಲೆ ಮಾಮಾ ಕೆಮ್ಮಿದರು. ಅಕ್ಕ ಕೈ ನಿಲ್ಲಿಸಿ, ಆ ಕೆಮ್ಮು ಮುಗಿಯುವ ತನಕ ಕೇಳಿಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿದಳು.

"ಇನ್ನೊಮ್ಮಿ ಮಾತ್ರ ಹಂಗ ಮಾಡಬ್ಯಾಡ."